ಹಾರೈಕೆಯ ಸರದಿ

ಜಿಪಾರ್‌ಳ ಮಗಳು ಐಝಾದಳ ಕಿವಿಗೆ ನಿಶ್ಚಯದ ಓಲೆ ಇಡಲು ಬೀಗರು ಬಂದು ಕೂತ ದಿನವೇ ಆ ಹಾಳು ಮನುಷ್ಯ ಬಾಗಿಲು ತಟ್ಟಿದ. ಜಿಪಾರ್‌ಗೆ ಅವನ ಮುಖ ಹೊಸದು, ದನಿ ಮಾತ್ರ ಮೂರು ತಿಂಗಳಿಂದ ಫೋನಿನಲ್ಲಿ ಅವಳ ಪ್ರಾಣ ಹಿಂಡುತ್ತಿದ್ದ ದನಿ. ಹೆಸರು ಸಂಜಾರ್, ಕೆಲಸ ಸಾಲ ವಸೂಲಿ. ಸಾಲ ಮಾಡಿದವನು ಅವಳ ಮೈದುನ ಮಿರ್ಲಾನ್. ಆ ಪುಣ್ಯಾತ್ಮ ಅರ್ಜಿಯಲ್ಲಿ ಅತ್ತಿಗೆಯ ನಂಬರ್ ಬರೆದು ರಷ್ಯಾಕ್ಕೆ ಹೋಗಿ ಕೂತಿದ್ದ. ಅಂದಿನಿಂದ ಅವಳು ಅಡುಗೆ ಮಾಡುವ ಶಾಲೆಗೂ ಫೋನು, ಪಕ್ಕದ ಮನೆಗೂ ಫೋನು.

"ಇವತ್ತೇ ಏನಾದ್ರೂ ಕೊಡಿ ಅಕ್ಕಾ. ಇಲ್ಲಾಂದ್ರೆ ಒಳಗಿರೋರ ಹತ್ರ ಮಾತಾಡ್ತೀನಿ," ಎಂದು ಅವನು ಹಲ್ಲು ಕಿರಿದು ಪಿಸುಗುಟ್ಟಿದ.

ಜಿಪಾರ್ ಉತ್ತರಿಸುವ ಮೊದಲೇ ಗಂಡಿನ ದೊಡ್ಡಪ್ಪ ಒಳಗಿನಿಂದ ಕೂಗಿದರು. "ಯಾರಮ್ಮಾ ಅದು? ಹೊಸ್ತಿಲಲ್ಲಿ ಯಾಕೆ ನಿಲ್ಲಿಸಿದೀಯ? ಬಾರಪ್ಪ, ರೊಟ್ಟಿ ಮುರಿ."

ಅವರ ನಾರಿನ್ ಊರಿನಲ್ಲಿ ಊಟದ ಹಾಸು ಹಾಸಿದ ಮೇಲೆ ಬಂದವನನ್ನು ಯಾರೂ ಹಾಗೇ ಕಳಿಸುವುದಿಲ್ಲ. ಅವನು ಬಂದು, ಹೆಗಲ ಚೀಲ ಪಕ್ಕಕ್ಕಿಟ್ಟು, ಚಕ್ಕಂಬಕ್ಕಳ ಹಾಕಿ ಕೂತ. ಕುರಿಮಾಂಸ ತಿಂದ, ಎರಡು ಬಟ್ಟಲು ಚಹಾ ಕುಡಿದ. ಬಡಿಸುವ ಜಿಪಾರ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ತನ್ನ ಹಕ್ಕು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಹೋದ ವಾರವೇ ಕದ್ದುಮುಚ್ಚಿ ವಕೀಲೆಯೊಬ್ಬಳನ್ನು ಕಂಡು ಬಂದಿದ್ದಳು. "ನೀವು ಸಹಿ ಹಾಕಿಲ್ಲ ಅಂದ್ಮೇಲೆ ಇದು ನಿಮ್ಮ ಸಾಲ ಅಲ್ಲ. ಊರಿಗೆಲ್ಲ ಡಂಗುರ ಹೊಡೆಯೋ ಹಕ್ಕೂ ಅವನಿಗಿಲ್ಲ. ಕಾಗದ ತೋರಿಸು ಅಂತ ಕೇಳಿ," ಎಂದಿದ್ದಳು ಆಕೆ. ಆದರೆ ಕೇಳಬೇಕೆಂದರೆ ಸಾಲ ಎಂಬ ಮಾತನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಆಡಬೇಕಲ್ಲ! ಬೀಗರ ಕಿವಿಗೆ ಅದು ಬಿದ್ದರೆ ಓಲೆ ಪೆಟ್ಟಿಗೆಯಲ್ಲೇ ವಾಪಸು ಹೋಗುತ್ತದೆ.

ಹಾಸಿನ ಸುತ್ತ ಕೂತವರು ಒಬ್ಬೊಬ್ಬರಾಗಿ ಎದ್ದು ಹುಡುಗಿಗೆ ಹಾರೈಸಿದರು. ಸರದಿ ತಪ್ಪಿಸಿದರೆ ಅತಿಥಿಗೆ ಅವಮಾನವೆಂದು ದೊಡ್ಡಪ್ಪ, "ನಿಂದೂ ಒಂದು ಮಾತಾಗ್ಲಿ ತಮ್ಮಾ," ಎಂದುಬಿಟ್ಟರು. ಯಾರೋ ಏನೋ ಎಂದು ಒಂದು ಮಾತು ವಿಚಾರಿಸಬಾರದೇ?

ಸಂಜಾರ್ ಬಟ್ಟಲು ಹಿಡಿದು ಎದ್ದ. "ಹುಡುಗಿ ಸುಖವಾಗಿರಲಿ. ಆದ್ರೆ ಈ ಮನೆಯೋರು ಸಾಲ ಕಟ್ಟದೆ ಮೂರು ತಿಂಗಳಾಯ್ತು. ಇಂಥೋರ ಹತ್ರ ನೆಂಟಸ್ತನ ಮಾಡೋ ಮುಂಚೆ ಯೋಚ್ನೆ ಮಾಡಿ."

ಎಲ್ಲರೂ ತಲೆ ತಗ್ಗಿಸಿದರು. ಐಝಾದ, ತಲೆಗೆ ಸೆರಗಿನಂತೆ ಹೊದ್ದಿದ್ದ ಬಿಳಿ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡಳು. ಮಗಳ ಆ ಕೈ ನೋಡಿದ್ದೇ ತಡ, ಜಿಪಾರ್ ಚಹಾದ ಕೆಟಲನ್ನು ನೆಲಕ್ಕೆ ಕುಕ್ಕಿದಳು.

"ಕಾಗದ ತೆಗಿ."

"ಅಕ್ಕಾ, ಅದು ಆಫೀಸಲ್ಲಿ..."

"ಮಾನ ಕಳೆಯೋಕೆ ಮನೆತನಕ ಬಂದೆ, ಕಾಗದ ಆಫೀಸಲ್ಲಾ? ನಿನ್ನ ಚೀಲದಲ್ಲಿ ಕಾಣ್ತಿರೋದೇನು? ತೆಗಿ. ಗಟ್ಟಿಯಾಗಿ ಓದು. ಸಾಲಗಾರ ಯಾರು?"

ದೊಡ್ಡಪ್ಪ ಚೀಲವನ್ನೇ ದಿಟ್ಟಿಸಿದರು. ಅವನು ವಿಧಿಯಿಲ್ಲದೆ ಕಾಗದ ತೆಗೆದ. "ಮಿರ್ಲಾನ್."

"ಜಾಮೀನು?"

"...ಯಾರೂ ಇಲ್ಲ."

"ನನ್ನ ಸಹಿ ಎಲ್ಲಿದೆ ತೋರ್ಸು! ಇಲ್ಲ ತಾನೆ? ಹಾಗಾದ್ರೆ ಇನ್ನೊಬ್ಬನ ಸಾಲ ನನ್ನ ಶಾಲೆಗೆ ಯಾಕೆ ಹೇಳ್ದೆ? ನನ್ನ ಬೀಗರಿಗೆ ಯಾಕೆ ಹೇಳ್ದೆ? ನಾಚ್ಕೆಪಡೋಳು ನಾನಲ್ಲ ಕಣೋ, ನೀನು. ನಡಿ ಆಚೆ! ದೂರು ಬರೆದು ಇಟ್ಟಿದೀನಿ. ನಾಳೆ ಕೊಡ್ತೀನಿ, ಇವತ್ತಿನದನ್ನೂ ಸೇರಿಸಿ."

ಅವನು ಬಾಲ ಮುದುಡಿಕೊಂಡು ಹೋದ. ಜಿಪಾರ್ ಬಾಗಿಲು ಹಾಕಿ ಬಂದಳು. ಆಡಬೇಕಾದ್ದನ್ನೆಲ್ಲ ಆಡಿಯಾಗಿತ್ತು. ಇನ್ನು ಬೀಗಿತ್ತಿ ಬುರುಲ್ಚಾ ಎದ್ದು ಹೋಗುವುದೊಂದೇ ಬಾಕಿ ಎಂದುಕೊಂಡಳು.

ಬುರುಲ್ಚಾ ಎದ್ದಳು. ಆದರೆ ಹೋದದ್ದು ಐಝಾದಳ ಬಳಿಗೆ. ಬಿಳಿ ಬಟ್ಟೆ ಸರಿಸಿ, ಎರಡೂ ಕಿವಿಗೆ ಓಲೆ ಹಾಕಿದಳು. ಆಮೇಲೆ ಗಂಡನ ಮುಖ ನೋಡದೆ ಹೇಳಿದಳು.

"ನನ್ನ ಅಣ್ಣನ ಮಗನ ಸಾಲ ಎರಡು ವರ್ಷದಿಂದ ನಾನು ಕಟ್ತಾ ಇದೀನಿ ಬೀಗಿತ್ತಿ. ಯಾರಿಗೂ ಹೇಳ್ಬೇಡಿ ಅಂತ ವಸೂಲಿಯವರ ಕಾಲಿಗೆ ಬಿದ್ದು ಕಟ್ತಾ ಇದೀನಿ. ನಾನೂ ಯಾವುದಕ್ಕೂ ಸಹಿ ಹಾಕಿಲ್ಲ."

ಜಿಪಾರ್ ಅವಳ ಕೈ ಹಿಡಿದಳು.

"ನಾಳೆ ಬೆಳಿಗ್ಗೆ ಅವರು ಫೋನ್ ಮಾಡ್ತಾರೆ," ಎಂದಳು ಬುರುಲ್ಚಾ. "ನೀವು ಪಕ್ಕದಲ್ಲಿ ಕೂತಿರಿ."