ಮುಲಾಮಿನ ಆನೆ

ಪಾಲಿಬೆಟ್ಟದ ಕಡೆಯ ಆ ಎಸ್ಟೇಟಿನಲ್ಲಿ ದೇವರಾಜು ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ರೈಟ್ರು ಎಂದರೆ ಗೊತ್ತಾಗುತ್ತದೆ. ಹೋದ ವರ್ಷದಿಂದ ಈಚೆಗೆ ‘ಮುಲಾಮು ರೈಟ್ರು’ ಎಂದರೆ ಇನ್ನೂ ಬೇಗ ಗೊತ್ತಾಗುತ್ತದೆ, ಜೊತೆಗೆ ಒಂದು ನಗುವೂ ಬರುತ್ತದೆ. ಇಪ್ಪತ್ತೆರಡು ವರ್ಷ ತಲೆ ಬಗ್ಗಿಸಿ ಹಾಜರಿ ಬರೆದ ಮನುಷ್ಯನಿಗೆ ಕೊನೆಗೆ ಸಿಕ್ಕ ಬಿರುದು ಇದು. ಕರ್ಮ ನೋಡಿ!

ಬಿರುದು ಬಂದದ್ದು ಚೆಸ್ಸಿನಿಂದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೋಡೌನಿನ ಜಗಲಿಯ ಮೇಲೆ ಕೂತು ರೈಟ್ರೂ ತೂಕದ ಮಲ್ಲನೂ ಚೆಸ್ ಆಡುವುದು ಹನ್ನೊಂದು ವರ್ಷದ ರೂಢಿ. ಪಿಕಿಂಗ್ ಸಮಯದಲ್ಲಿ ಹೆಂಗಸರು ತಂದ ಕಾಫಿ ಹಣ್ಣಿನ ಮೂಟೆಗಳನ್ನು ತೂಗುವುದು ಮಲ್ಲನ ಕೆಲಸ, ಅದನ್ನು ಬರೆದುಕೊಳ್ಳುವುದು ರೈಟ್ರ ಕೆಲಸ. ಸೆಟ್ಟು ಮರದ್ದು, ಒಳ್ಳೆಯದೇ ಇತ್ತು. ಆದರೆ ಒಂದು ಮಳೆಗಾಲ ಕಾಯಿಗಳಿಗೆ ಎಷ್ಟು ಬೂಷ್ಟು ಹಿಡಿಯಿತೆಂದರೆ ಕಪ್ಪು ಯಾವುದು, ಬಿಳಿ ಯಾವುದು ಎಂದು ಗೊತ್ತಾಗದೆ ರೈಟ್ರು ತಮ್ಮ ಕುದುರೆಯನ್ನು ತಾವೇ ಹೊಡೆದುಕೊಂಡರು. ಮಳೆ ಹೋದ ಮೇಲೆ ಮಲ್ಲ ಎಲ್ಲವನ್ನೂ ಕಾಫಿ ಕಣದ ಒಂದು ಮೂಲೆಯಲ್ಲಿ ಬಿಸಿಲಿಗೆ ಹರಡಿದ. ಕಣದಲ್ಲಿ ಹರಡಿದ್ದೆಲ್ಲ ಕಾಫಿಯೇ ಎಂದು ತಿಳಿದ ಹೆಂಗಸರು ಸಂಜೆ ಬಳಿದು ಮೂಟೆ ಕಟ್ಟಿದರು. ಲಾರಿ ಹೊರಟಿತು. ಹನ್ನೊಂದು ಕಾಯಿಗಳು ಕಾಫಿ ಬೀಜದ ಜೊತೆ ಎಲ್ಲಿಗೋ ಹೋದವು, ವಾಪಸ್ ಬರಲಿಲ್ಲ.

ತನ್ನಿಂದಾದ ನಷ್ಟವನ್ನು ಮಲ್ಲನೇ ತುಂಬಿಕೊಟ್ಟ. ಕಪ್ಪು ಆನೆಯ ಜಾಗಕ್ಕೆ ನೆಗಡಿ ಮುಲಾಮಿನ ನೀಲಿ ಬಾಟಲಿ ಬಂತು. ಕಪ್ಪು ರಾಣಿಯ ಜಾಗಕ್ಕೆ ಹಳೇ ತಕ್ಕಡಿಯ ಹಿತ್ತಾಳೆ ಬಟ್ಟು. ಆರು ಕಪ್ಪು ಸಿಪಾಯಿಗಳಾಗಿ ಕೋವಿಯ ಖಾಲಿ ಕಾಟ್ರಿಜ್ಜುಗಳು ನಿಂತವು, ಎರಡು ಬಿಳಿ ಒಂಟೆಗಳಾಗಿ ಟಾರ್ಚಿನ ಸೆಲ್ಲುಗಳು. ಉಳಿದದ್ದು ಒಂದು ಕಪ್ಪು ಕುದುರೆ. ಅದನ್ನು ಮಾತ್ರ ಮಲ್ಲ ಕಾಫಿ ಗಿಡದ ಬೇರಿನಲ್ಲಿ ಮೂರು ಸಂಜೆ ಕೂತು ತಾನೇ ಕೆತ್ತಿದ. ನೋಡಿದವರಲ್ಲಿ ಅರ್ಧ ಜನ ಹಂದಿ ಎಂದರು, ಇನ್ನರ್ಧ ನಾಯಿ ಎಂದರು. ಮಲ್ಲ ಕುದುರೆ ಎಂದ, ಅದರ ಮೇಲೆ ರೈಟ್ರು ಚರ್ಚೆ ಮಾಡಲಿಲ್ಲ.

ಜಗಲಿಯ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು. ಹೋದ ಜನವರಿಯಲ್ಲಿ ವಿರಾಜಪೇಟೆಯ ಒಂದು ಕ್ಲಬ್ಬಿನವರು ಟೂರ್ನಮೆಂಟ್ ಮಾಡಿದರು. ‘ಸೆಟ್ ಇರುವ ಯಾರು ಬೇಕಾದರೂ ಬರಬಹುದು, ಸೆಟ್ ತಾವೇ ತರಬೇಕು’ ಎಂದು ನೋಟೀಸಿನಲ್ಲಿತ್ತು. ರೈಟ್ರು ಮುಗ್ಧರಾಗಿ ಅದೇ ಸೆಟ್ಟನ್ನು ಹೊತ್ತುಕೊಂಡು ಹೋದರು. ಐದರಲ್ಲಿ ಮೂರು ಆಟ ಗೆದ್ದರು ಕೂಡ. ಯಾರಿಗೆ ಬೇಕು ಅದು? ಯಾರೋ ಪುಣ್ಯಾತ್ಮ ಫೋಟೋ ತೆಗೆದು ಹಾಕಿದ. ಗಂಭೀರವಾಗಿ ಗಲ್ಲಕ್ಕೆ ಕೈ ಕೊಟ್ಟ ರೈಟ್ರು, ಅವರ ಮುಂದೆ ಮುಲಾಮಿನ ಬಾಟಲಿ. ಕುಟ್ಟದಿಂದ ಮಡಿಕೇರಿವರೆಗೆ ಎಲ್ಲ ಎಸ್ಟೇಟಿನ ವಾಟ್ಸಾಪಿನಲ್ಲೂ ಅದು ತಿರುಗಿತು. ಮ್ಯಾನೇಜರ್ ಒಮ್ಮೆ ಸೀನಿ, “ರೈಟ್ರೆ, ಸ್ವಲ್ಪ ಆನೆ ಕೊಡಿ” ಎಂದರು. ರೈಟ್ರಿಗೆ ಆ ದಿನ ಊಟ ಸೇರಲಿಲ್ಲ.

ಈ ವರ್ಷ ಯಾರೂ ನಗದೆ ಇರುವಂತೆ ಮಾಡಿಯೇ ತೀರುತ್ತೇನೆ ಎಂದು ಅವರು ಹಟ ತೊಟ್ಟರು. ದಸರಾ ಮುಗಿದಲ್ಲಿಂದ ಫೋನು ಹಿಡಿದು ಸೆಟ್ಟು ಹುಡುಕತೊಡಗಿದರು. ಅಯಸ್ಕಾಂತದ್ದು ಬಸ್ಸಿನಲ್ಲಿ ಆಡುವ ಮಕ್ಕಳಿಗೆ. ಪ್ಲಾಸ್ಟಿಕ್ಕು ಹಗುರ, ಫ್ಯಾನ್ ಹಾಕಿದರೆ ರಾಜನೇ ಹಾರಿಹೋಗುತ್ತಾನೆ. ಮರದ್ದಾದರೆ ಬುಡದಲ್ಲಿ ಸೀಸ ಇರಬೇಕು, ಅಡಿಯಲ್ಲಿ ಹಸಿರು ಬಟ್ಟೆ ಇರಬೇಕು, ರಾಜ ಮೂರೂಮುಕ್ಕಾಲು ಇಂಚು ಇರಬೇಕು. ಕಾಲು ಇಂಚು ಹೆಚ್ಚಿದ್ದರೆ ಏನಾಗುತ್ತದೆ ಎಂದು ಎರಡು ದಿನ ಯೋಚಿಸಿದರು.

“ನನ್ನನ್ನ ನೋಡಕ್ಕೆ ಬಂದಾಗ ಹತ್ತು ನಿಮಿಷಕ್ಕೆ ಒಪ್ಪಿ ಎದ್ದಿದ್ರಿ” ಎಂದರು ಹೆಂಡತಿ ಸುಮಿತ್ರಮ್ಮ, ಒಲೆಯ ಮುಂದಿನಿಂದ.

“ನಿನ್ನನ್ನ ಟೂರ್ನಮೆಂಟಿಗೆ ಕರ್ಕೊಂಡು ಹೋಗೋದಿತ್ತಾ?” ಎಂದರು ರೈಟ್ರು. ಆ ರಾತ್ರಿ ಪಲ್ಯಕ್ಕೆ ಉಪ್ಪಿರಲಿಲ್ಲ.

ಸೆಟ್ಟು ಬಂತು. ಅದಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು, ಜೊತೆಗೆ ಗುಂಡಿ ಒತ್ತುವ ಗಡಿಯಾರ. ರೈಟ್ರು ಅದನ್ನು ಗೋಡೌನಿಗೆ ತಂದು ಮಲ್ಲನಿಗೆ ತೋರಿಸಿದರು. ಮುಟ್ಟಲು ಮಾತ್ರ ಬಿಡಲಿಲ್ಲ. ಮಲ್ಲ ಕೈಯನ್ನು ಲುಂಗಿಗೆ ಒರೆಸಿಕೊಂಡು ಸುಮ್ಮನೆ ನೋಡಿದ.

“ಇದ್ರಲ್ಲೊಂದು ಆಟ ಹಾಕೋಣ್ವಾ ರೈಟ್ರೆ?”

“ಕೈ ಬೆವರು ತಾಗ್ತದೆ ಮಾರಾಯ. ಟೂರ್ನಮೆಂಟ್ ಆಗ್ಲಿ.”

“ಹಳೇದು ಏನು ಮಾಡೋದು?”

“ನೀನೇ ಇಟ್ಕೊ.”

“ಕುದುರೆ?”

ಕುದುರೆಯ ಮಾತು ಬಂದ ಕೂಡಲೇ ರೈಟ್ರಿಗೆ ಆ ಫೋಟೋ ನೆನಪಾಯಿತು, ಪಿತ್ತ ನೆತ್ತಿಗೇರಿತು. “ಒಲೆಗೆ ಹಾಕು ಅತ್ಲಾಗೆ!” ಎಂದುಬಿಟ್ಟರು. ಮಲ್ಲ ಕಾಯಿಗಳನ್ನೆಲ್ಲ ರಸಗೊಬ್ಬರದ ಚೀಲಕ್ಕೆ ತುಂಬಿಕೊಂಡು ಕೆಲಸಗಾರರ ಲೈನ್ ಮನೆಗಳ ಕಡೆ ಹೋದ. ಮರುದಿನದಿಂದ ಮಧ್ಯಾಹ್ನ ಅವನಿಗೆ ಏನಾದರೊಂದು ಕೆಲಸ ಇರುತ್ತಿತ್ತು.

ಟೂರ್ನಮೆಂಟಿನ ಭಾನುವಾರ ರೈಟ್ರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಈ ಸಲ ನೋಟೀಸಿನಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಇಬ್ಬರೂ ಸೆಟ್ ತಂದಿದ್ದರೆ ಯಾವುದರಲ್ಲಿ ಆಡಬೇಕೆಂದು ಕಪ್ಪು ಕಾಯಿಯವರು ಆರಿಸಬೇಕು. ಮೊದಲ ಆಟಕ್ಕೆ ರೈಟ್ರಿಗೆ ಕಪ್ಪು ಬಂತು. ಅವರು ಪೆಟ್ಟಿಗೆ ತೆರೆದಾಗ ಪಕ್ಕದ ಎರಡು ಟೇಬಲ್ಲಿನವರು ಎದ್ದು ಬಂದು ನೋಡಿದರು. ಆ ಕ್ಷಣಕ್ಕೇ ಟೂರ್ನಮೆಂಟ್ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆಟ ಶುರುವಾದ ಮೇಲೆ ರೈಟ್ರಿಗೆ ಏನೂ ಕಾಣಿಸಲಿಲ್ಲ. ಎಲ್ಲ ಕಾಯಿಗಳೂ ಒಂದೇ ಥರ ಹೊಳೆಯುತ್ತಿದ್ದವು. ಅಪಾಯ ಬಂದಾಗ ಅವರ ಕಣ್ಣು ನೀಲಿ ಬಾಟಲಿಯನ್ನು ಹುಡುಕುತ್ತಿತ್ತು. ಬಾಟಲಿ ಇಲ್ಲದ ಮೇಲೆ ಆನೆ ತನ್ನ ಮೂಲೆಯಲ್ಲೇ ಉಳಿಯಿತು. ಹದಿನೇಳನೇ ನಡೆಗೆ ರಾಜ ಸಿಕ್ಕಿಬಿದ್ದ. “ಸೆಟ್ಟು ಮಾತ್ರ ಫಸ್ಟ್ ಕ್ಲಾಸ್” ಎಂದು ಗೆದ್ದವನು ಕೈ ಕುಲುಕಿದ.

ಎರಡನೇ ಆಟಕ್ಕೆ ಕಾಯಿ ಜೋಡಿಸುವ ಹೊತ್ತಿಗೆ ಹಾಲಿನ ಇನ್ನೊಂದು ತುದಿಯಿಂದ ನಗು ಕೇಳಿಸಿತು. ರೈಟ್ರಿಗೆ ಆ ನಗುವಿನ ಗುರುತು ಹತ್ತಿತು. ಹೋದ ವರ್ಷ ತಮ್ಮ ಟೇಬಲ್ಲಿನ ಸುತ್ತ ಕೇಳಿದ್ದ ನಗುವೇ ಅದು. ಹೋಗಿ ಇಣುಕಿದರೆ ಮಲ್ಲ! ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ಕೂದಲು, ಮುಂದೆ ಬಾಟಲಿ, ಬಟ್ಟು, ಕಾಟ್ರಿಜ್ಜು. ತೀರ್ಪುಗಾರ್ತಿ ಹಂಸಿನಿ ಅಲ್ಲೇ ನಿಂತಿದ್ದಳು. ಮಡಿಕೇರಿಯ ಅರ್ಚಕರ ಮನೆಯ ಹುಡುಗಿ, ಇಪ್ಪತ್ತೈದು ಇರಬಹುದು, ನಿಯಮದ ಹಾಳೆಯನ್ನು ಪಂಚಾಂಗದಂತೆ ಹಿಡಿದಿದ್ದಳು.

“ಇದು ಖಾಲಿನಾ?” ಎಂದು ಕಾಟ್ರಿಜ್ಜು ತೋರಿಸಿ ಕೇಳಿದಳು.

“ಖಾಲಿ ಮೇಡಂ. ಹೊಡ್ದಾಗಿದೆ.”

ಹಂಸಿನಿ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. “ಸೆಟ್ ತರಬೇಕು ಅಂತ ಮಾತ್ರ ಇದೆ. ಆನೆ ಹೀಗೇ ಇರಬೇಕು ಅಂತ ಎಲ್ಲೂ ಇಲ್ಲ. ಆಡಿ” ಎಂದು ಹೊರಟಳು. ಮಲ್ಲ ಮೇಲೆ ನೋಡಿದ. ರೈಟ್ರು ಕಂಡರು, ಮುಖ ಅರಳಿತು.

ಆಗ ಪಕ್ಕದಲ್ಲಿದ್ದವನೊಬ್ಬ ಕೇಳಿದ: “ಇವ್ರು ನಿಮ್ಮ ಎಸ್ಟೇಟಿನವ್ರಾ?”

“ಗೊತ್ತಿಲ್ಲಪ್ಪ” ಎಂದರು ರೈಟ್ರು.

ಹೇಳಿದ ಮೇಲೆ ತಮ್ಮ ನಾಲಿಗೆಯನ್ನು ತಾವೇ ಕಚ್ಚಿಕೊಂಡರು. ಮಲ್ಲನಿಗೆ ಕೇಳಿಸಿತ್ತು. ಅವನು ತಲೆ ತಗ್ಗಿಸಿ ಒಂದು ಕಾಟ್ರಿಜ್ಜನ್ನು ಸರಿಯಾಗಿ ನಿಲ್ಲಿಸಿದ. ಅದು ಆಗಲೇ ಸರಿಯಾಗಿ ನಿಂತಿತ್ತು.

ಮುಂದಿನ ಎರಡು ಆಟವನ್ನೂ ರೈಟ್ರು ಸೋತರು. ನಾಲ್ಕನೆಯದರಲ್ಲಿ ಎದುರಾಳಿ ಯಾರದೋ ಮದುವೆ ಊಟಕ್ಕೆ ಹೋಗಿ ವಾಪಸ್ ಬರಲಿಲ್ಲವಾಗಿ ಒಂದು ಪಾಯಿಂಟ್ ಬಂತು. ಮಲ್ಲ ಎರಡು ಗೆದ್ದಿದ್ದ. ಕಪ್ಪು ಬಂದಾಗಲೆಲ್ಲ ಅವನ ಸೆಟ್ಟೇ. ಎದುರಿಗೆ ಕೂತವರು ಮುಲಾಮನ್ನು ಆನೆ ಎಂದು ನಂಬುವಷ್ಟರಲ್ಲಿ ಆನೆ ಒಳಗೆ ನುಗ್ಗಿರುತ್ತಿತ್ತು. ಕೊನೆಯ ಆಟದ ಪಟ್ಟಿ ಅಂಟಿಸಿದರು. ಬಿಳಿ: ಮಲ್ಲ. ಕಪ್ಪು: ದೇವರಾಜು.

ಹನ್ನೊಂದು ವರ್ಷ ಎದುರುಬದುರು ಕೂತ ಇಬ್ಬರು, ನೆಂಟಸ್ತಿಕೆ ಕೆಟ್ಟ ಬೀಗರ ಹಾಗೆ ಟೇಬಲ್ಲಿನ ಆಚೆ ಈಚೆ ಕೂತರು.

“ನೀನು ಬರ್ತೀಯ ಅಂತ ಹೇಳ್ಲೇ ಇಲ್ವಲ್ಲೋ” ಎಂದರು ರೈಟ್ರು.

“ಸೆಟ್ ಇದ್ದವ್ರು ಬರ್ಬಹುದು ಅಂತ ಇತ್ತು. ನನ್ಹತ್ರ ಈಗ ಸೆಟ್ ಉಂಟಲ್ಲ ಸಾರ್.”

ರೈಟ್ರೆ ಅನ್ನದೆ ಸಾರ್ ಅಂದ. ಅದು ದೇವರಾಜುಗೆ ಮುಳ್ಳು ಚುಚ್ಚಿದಂತಾಯಿತು.

“ಕಪ್ಪು ನಿಮ್ಮದು. ಯಾವ ಸೆಟ್?” ಎಂದಳು ಹಂಸಿನಿ. ಸುತ್ತ ಜನ ಸೇರಿತ್ತು, ನಾಲ್ಕೈದು ಫೋನುಗಳೂ ಮೇಲೆದ್ದಿದ್ದವು. ಒಂದು ಕಡೆ ಮಖಮಲ್ಲಿನ ಪೆಟ್ಟಿಗೆ, ಒಂದು ಕಡೆ ಗೊಬ್ಬರದ ಚೀಲ. ಚೀಲ ಎಂದರೆ ಆ ಹಾಳು ಬಾಟಲಿ, ಆ ಬಟ್ಟು, ಆ ಕಾಟ್ರಿಜ್ಜುಗಳೆಲ್ಲ ಕಪ್ಪಿನ ಪಾಲು, ಅಂದರೆ ತಮ್ಮ ಪಾಲು. ಇನ್ನೊಂದು ಫೋಟೋ. ಇನ್ನೊಂದು ವರ್ಷ, ಬಹುಶಃ ಸಾಯುವವರೆಗೂ, ಮುಲಾಮು ರೈಟ್ರು. ಮಲ್ಲ ಅವರ ಮುಖ ನೋಡದೆ ಚೀಲದ ಬಾಯನ್ನು ಕಟ್ಟತೊಡಗಿದ.

“ಅದು” ಎಂದರು ರೈಟ್ರು. ಕೆಮ್ಮಿ, ಚೀಲದ ಕಡೆ ಕೈ ತೋರಿಸಿ ಜೋರಾಗಿ ಹೇಳಿದರು: “ಅದೇ. ನಮ್ಮ ಸೆಟ್ಟು.”

ಮಲ್ಲ ಕಟ್ಟಿದ ಗಂಟನ್ನು ಬಿಚ್ಚಿದ. ಕಾಯಿಗಳನ್ನು ಇಟ್ಟು ಮುಗಿಸಿದಾಗ ರೈಟ್ರು ನೋಡುತ್ತಾರೆ, ಒಂದು ಕಪ್ಪು ಕುದುರೆಯ ಮನೆಯಲ್ಲಿ ಬೆಂಕಿಪೊಟ್ಟಣ ನಿಂತಿದೆ.

“ಕುದುರೆ ಎಲ್ಲಿ?”

“ಒಲೆಗೆ ಹಾಕು ಅಂದಿದ್ರಲ್ಲ.”

ದೇವರಾಜುಗೆ ನಾಚಿಕೆಯಾಯಿತು. ಹೋದ ವರ್ಷದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಮೂರು ಸಂಜೆ ಕೂತು ಕೆತ್ತಿದ್ದ ಅವನು. ಬೆರಳು ಕೊಯ್ದುಕೊಂಡು, ಬಟ್ಟೆ ಸುತ್ತಿಕೊಂಡು ಮರುದಿನ ಮೂಟೆ ತೂಗಿದ್ದ. ರೈಟ್ರು ಮಖಮಲ್ಲಿನ ಪೆಟ್ಟಿಗೆ ತೆರೆದು, ಹೊಳೆಯುವ ಹೊಸ ಕುದುರೆಯೊಂದನ್ನು ತೆಗೆದು ಬೆಂಕಿಪೊಟ್ಟಣದ ಜಾಗದಲ್ಲಿಟ್ಟರು. “ತಪ್ಪಾಯ್ತು ಕಣೋ ಮಲ್ಲ” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಇವನು ನಮ್ಮ ಎಸ್ಟೇಟಿನವನೇ. ನನಗೆ ಚೆಸ್ ಹೇಳಿಕೊಡೋ ಅಷ್ಟು ಬರ್ತದೆ ಇವನಿಗೆ.”

ಮಲ್ಲ ಆ ಹೊಸ ಕುದುರೆಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ. “ಮುಖ ಸರಿಯಿಲ್ಲ ರೈಟ್ರೆ ಇದ್ರದ್ದು” ಎಂದು ಅಂಗಿಯ ಜೇಬಿಗೆ ಕೈ ಹಾಕಿದ. ಹಂದಿಯೋ ನಾಯಿಯೋ ಆದ ಆ ಕಾಫಿ ಬೇರಿನ ಕುದುರೆ ಹೊರಗೆ ಬಂತು. “ಮನಸ್ಸು ಬರ್ಲಿಲ್ಲ ಒಲೆಗೆ ಹಾಕಕ್ಕೆ. ಇಲ್ಲಿ ಇಟ್ರೆ ನಗ್ತಾರೆ ಅಂತ ಜೇಬಲ್ಲೇ ಇಟ್ಕೊಂಡಿದ್ದೆ.”

ಅದು ತನ್ನ ಮನೆಯಲ್ಲಿ ನಿಂತದ್ದೇ ತಡ, ಜನ ಗೊಳ್ಳೆಂದು ನಕ್ಕರು. ಮುಂದೆ ನಿಂತವನೊಬ್ಬ ಫೋನು ಎತ್ತಿದ.

“ಸ್ವಲ್ಪ ಈ ಕಡೆ ಬಾ” ಎಂದರು ರೈಟ್ರು ಅವನಿಗೆ. “ಅಲ್ಲಿಂದ ಕುದುರೆ ಸರಿ ಕಾಣಲ್ಲ. ಇವನನ್ನೂ ಸೇರಿಸಿ ತೆಗಿ.”

ಆಮೇಲಿನ ಆಟವನ್ನು ಹಾಲಿನವರೆಲ್ಲ ನಿಂತು ನೋಡಿದರು. ರೈಟ್ರಿಗೆ ಕಣ್ಣು ವಾಪಸ್ ಬಂದಿತ್ತು. ಬಾಟಲಿ ಬೋರ್ಡಿನ ಉದ್ದಕ್ಕೂ ಓಡಾಡಿತು, ಬಟ್ಟು ಎರಡು ಸೆಲ್ಲನ್ನೂ ನುಂಗಿತು, ಕಾಫಿ ಬೇರಿನ ಕುದುರೆ ಜಿಗಿದು ಮಲ್ಲನ ರಾಜನಿಗೇ ಚೆಕ್ ಕೊಟ್ಟಿತು. ಒಂದೂಕಾಲು ಗಂಟೆ ನಡೆದ ಮೇಲೆ ಸೋತದ್ದು ರೈಟ್ರೇ. ಗೋಡೌನಿನಲ್ಲೂ ಹತ್ತರಲ್ಲಿ ಆರು ಸಲ ಹಾಗೇ ಆಗುತ್ತಿತ್ತು, ಅವರು ಅದನ್ನು ಎಸ್ಟೇಟಿನಲ್ಲಿ ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಮೊದಲ ಸಲ ಬಂದವರಲ್ಲಿ ಚೆನ್ನಾಗಿ ಆಡಿದವರಿಗೆ ಎಂದು ಒಂದು ಬಹುಮಾನವಿತ್ತು. ಅದು ಮಲ್ಲನಿಗೆ ಬಂತು. ಕಾಗದ ಹರಿದು ನೋಡಿದರೆ ಮೂವತ್ತೆರಡೂ ಕಾಯಿ ಸರಿಯಾಗಿರುವ ಹೊಚ್ಚಹೊಸ ಚೆಸ್ ಸೆಟ್ಟು.

ವಾಪಸ್ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು, ಮಡಿಲಲ್ಲಿ ಒಟ್ಟು ಮೂರು ಸೆಟ್ಟು. ಬಿಟ್ಟಂಗಾಲ ದಾಟುವವರೆಗೂ ಮಲ್ಲ ತನ್ನ ಬಹುಮಾನವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಎಲ್ಲಾ ಒಂದೇ ಥರ ಉಂಟು ರೈಟ್ರೆ. ಇದ್ರಲ್ಲಿ ಆಡೋದು ಹೇಗೆ?”

ದೇವರಾಜು ತಮ್ಮ ಮಖಮಲ್ಲಿನ ಪೆಟ್ಟಿಗೆಯನ್ನೂ ಅವನ ಮಡಿಲಿಗೆ ದಾಟಿಸಿದರು.

“ನಾಳೆ ಬೆಳಿಗ್ಗೆ ಎರಡನ್ನೂ ಕಣದಲ್ಲಿ ಒಣಗಕ್ಕೆ ಹಾಕು.”