ಗೋಡೆ ಬೀಳುವ ದಿಕ್ಕು

ಮೇಸ್ತ್ರಿಗೆ ಕೈ ಮುಂದು, ಮಾತು ಹಿಂದು. ಹಳೇ ಕಟ್ಟಡ ಕೆಡವುವುದು ಅವನ ಕಸುಬು. ಅವನ ತಂಡಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಸುತ್ತಿಗೆ ಎತ್ತುವ ಮೊದಲು ಗೋಡೆ ಯಾವ ಕಡೆ ಬೀಳುತ್ತದೆಂದು ಒಬ್ಬ ಕೂಗಿ ಹೇಳಬೇಕು. ತಿಳಿಯದಿದ್ದರೆ "ಗೊತ್ತಿಲ್ಲ!" ಎಂದು ಅಷ್ಟೇ ಜೋರಾಗಿ ಕೂಗಬೇಕು, ಆಗ ಎಲ್ಲರೂ ದೂರ ಓಡುತ್ತಾರೆ. ಒಮ್ಮೆ ಒಬ್ಬ ನಾಚಿಕೆಗೆ ಅಂಜಿ, ಅಂದಾಜಿನ ಮೇಲೆ "ಎಡಕ್ಕೆ" ಎಂದ. ಗೋಡೆ ಬಲಕ್ಕೆ ಬಿದ್ದು ಜೊತೆಗಾರನ ಕಾಲು ಪುಡಿಯಾಯಿತು. ಕೂಗಿದವನ ಎರಡು ಹಲ್ಲನ್ನು ಮೇಸ್ತ್ರಿ ಅಲ್ಲೇ ಉದುರಿಸಿದ.

ಅಂಥವನಿಗೆ ಇದ್ದವಳು ಒಬ್ಬಳೇ ಅಕ್ಕ. ತಾಯಿ ಸತ್ತ ಮೇಲೆ ತುತ್ತಿಟ್ಟು ಸಾಕಿದವಳು. ಅವಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ ಕಂಡಿತು. ಡಾಕ್ಟರು ಹೊಸದಾಗಿ ಬಂದ ಮಾತ್ರೆ ಬರೆದರು.

"ಅಕ್ಕ ಉಳೀತಾಳಾ ಸಾರ್?"

ಡಾಕ್ಟರದು ಮೆದು ಸ್ವಭಾವ, ಎದುರಿಗಿದ್ದವರ ಮುಖ ಬಾಡಿದರೆ ತಡೆಯಲಾರರು. ಅದೇ ಮಾತ್ರೆ ನುಂಗಿದ ಇನ್ಯಾರದೋ ಎರಡು ಸ್ಕ್ಯಾನ್ ಚಿತ್ರ ಅಕ್ಕಪಕ್ಕ ಹಿಡಿದು, "ನೋಡಿ, ನಿಂಬೆಹಣ್ಣಿನಷ್ಟಿದ್ದ ಗೆಡ್ಡೆ ಕಡಲೆಕಾಳಿನಷ್ಟಾಗಿದೆ" ಎಂದರು. ಇವನು ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು. ಅದು ಮೇಸ್ತ್ರಿಗೆ ಹೊಳೆಯಲಿಲ್ಲ. ಅಕ್ಕ ಉಳಿದಳೆಂದುಕೊಂಡು ಅವರ ಕೈ ಹಿಡಿದು ಗೊಳೋ ಎಂದು ಅತ್ತ.

ಮಾತ್ರೆ ಅಕ್ಕನ ಬಾಯಿ ತುಂಬ ಹುಣ್ಣು ಎಬ್ಬಿಸಿತು, ಅಂಗಾಲಿನ ಚರ್ಮ ಸುಲಿಯಿತು.

"ಬೇಡ ಕಣೋ. ಇರೋ ನಾಲ್ಕು ದಿನ ಊಟ ಗಂಟಲಲ್ಲಿ ಇಳೀಲಿ, ಸಾಕು."

ಮೇಸ್ತ್ರಿ ಕೇಳಬೇಕಲ್ಲ! ದಿನಾ ಬೆಳಿಗ್ಗೆ ಅವಳ ತೋಳಿನ ಮೇಲೆ ಮೊಣಕಾಲೂರಿ, ದವಡೆ ಅದುಮಿ ಬಾಯಿ ತೆರೆಸಿದ. "ಕರಗ್ತಾ ಇದೆ ಅಕ್ಕಾ, ನುಂಗೇ!" ಉಗುಳಿದರೆ ಮತ್ತೆ ತುರುಕಿದ. ಒಂದು ಸಲ ಕೆನ್ನೆಗೆ ಬಾರಿಸಿಯೂ ಬಿಟ್ಟ. ಆಮೇಲೆ ರಕ್ತ ಬರುವ ಹಾಗೆ ತನ್ನ ಹಣೆಯನ್ನು ಗೋಡೆಗೆ ಚಚ್ಚಿಕೊಂಡ. ಕೆಟ್ಟವನೇನಲ್ಲ, ಆಸೆಗೆ ಬಿದ್ದವನು. ಆಸೆಗೆ ಬಿದ್ದವನ ಕೈ ಕಟುಕನ ಕೈಗಿಂತ ಕಡೆ.

ಹೊಸ ಸ್ಕ್ಯಾನ್ ಮಾಡಿಸಿ ಮತ್ತೆ ತೋರಿಸಲು ಹೋದಾಗ ಡಾಕ್ಟರ ಕಣ್ಣಿಗೆ ಅಕ್ಕನ ದವಡೆಯ ಮೇಲಿನ ನೀಲಿ ಬೆರಳಚ್ಚು ಬಿತ್ತು.

"ಇದೇನಮ್ಮಾ?"

"ನಾನೇ ಸಾರ್," ಮೇಸ್ತ್ರಿ ಹೆಮ್ಮೆಯಿಂದಲೇ ಹೇಳಿದ. "ನುಂಗಲ್ಲ ಅಂತ ಹಟ. ಗೆಡ್ಡೆ ಕರಗಿದೆ ತಾನೆ?"

ಡಾಕ್ಟರ ಮುಖ ಬಿಳಚಿತು. "ಕರಗಿದೆ. ಆದ್ರೆ ಗೆಡ್ಡೆ ಸಣ್ಣದಾದ್ರೆ ಆಯಸ್ಸು ಹೆಚ್ಚುತ್ತಾ ಅನ್ನೋದು ಇನ್ನೂ ಯಾರಿಗೂ ಗೊತ್ತಿಲ್ಲ. ಮಾತ್ರೆ ಹೊಸದು. ಹೆಚ್ಚಬಹುದು, ಹೆಚ್ಚದೇನೂ ಇರಬಹುದು. ಇವರು ಬೇಡ ಅಂದ್ರೆ ನಿಲ್ಲಿಸಬಹುದಿತ್ತು."

"ಅವತ್ತೇ ನಿಮಗಿದು ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನೀವು ಕುಸಿದು ಹೋಗ್ತೀರಿ ಅಂತ..."

ಮಾತು ಮುಗಿಯಲಿಲ್ಲ. ಮೇಜು ಮಗುಚಿತು. ಮೊದಲ ಗುದ್ದಿಗೆ ಡಾಕ್ಟರ ಮೂಗು ಮುರಿಯಿತು, ಎರಡನೆಯದಕ್ಕೆ ತಲೆ ಗೋಡೆಗೆ ಬಡಿಯಿತು. ಕನ್ನಡಕ ಮೇಸ್ತ್ರಿಯ ಬೂಟಿನಡಿ ಪುಡಿಯಾಯಿತು. ಅವರ ಕುತ್ತಿಗೆ ಹಿಸುಕುತ್ತಾ ಅವನು ಅರಚಿದ:

"ಎತ್ತ ಬೀಳುತ್ತೆ ಅಂತ ಗೊತ್ತಿಲ್ದಿದ್ರೆ ಕೂಗಿ ಹೇಳ್ಬೇಕು ಕಣೋ! ಗೋಡೆ ಕೆಳಗೆ ಮನುಷ್ಯರಿರ್ತಾರೆ!"

"ಬಿಡೋ," ಎಂದಳು ಅಕ್ಕ. ಹುಣ್ಣಾದ ಬಾಯಿಂದ ಮಾತು ಕಷ್ಟಪಟ್ಟು ಬಂತು. "ಅವರು ಹೇಳ್ಲಿಲ್ಲ, ಸರಿ. ಬೇಡ ಅಂತ ನಾನು ಹೇಳಿದ್ನಲ್ಲ. ನೀನು ಕೇಳಿದ್ಯಾ?"

ಹಿಡಿತ ತಾನಾಗಿ ಸಡಿಲಿತು. ಕಾವಲಿನವರು ನುಗ್ಗಿ ಬಂದು ಮೇಸ್ತ್ರಿಯನ್ನು ನೆಲಕ್ಕೆ ಕೆಡವಿ ಒದ್ದರು. ಅವನು ಕೈ ಅಡ್ಡ ತರಲಿಲ್ಲ. ಮೂಗಿನ ರಕ್ತ ಒತ್ತಿಹಿಡಿದು ಡಾಕ್ಟರೇ, "ಬಿಡಿ, ಅವರನ್ನ ಮನೆಗೆ ಕಳಿಸಿ" ಎಂದರು.

ಮನೆಗೆ ಬಂದು ಅಕ್ಕನನ್ನು ಮಲಗಿಸಿದ. ಮಾತ್ರೆಯ ಡಬ್ಬಿಯನ್ನು ಅವಳ ಕೈಗೆಟುಕುವಲ್ಲಿ ಇಟ್ಟ.

"ಇನ್ನು ನಿನ್ನಿಷ್ಟ ಅಕ್ಕಾ. ಬೇಕಂದ್ರೆ ತಗೋ, ಬೇಡಂದ್ರೆ ಬಿಡು. ನಾನು ಮುಟ್ಟಲ್ಲ."

ಅವಳು ತಲೆಯಾಡಿಸಿದಳು. ತುಟಿಯಂಚಿನಲ್ಲಿ ರಕ್ತ ಜಿನುಗುತ್ತಿತ್ತು. ಒರೆಸೋಣವೆಂದು ಮೇಸ್ತ್ರಿ ಅವಳ ಮುಖದತ್ತ ಕೈ ಚಾಚಿದ.

ಆ ಕೈ ಕಂಡದ್ದೇ ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿ, ತಾನಾಗಿ ಬಾಯಿ ತೆರೆದಳು. ಅವನ ಕೈಯಲ್ಲಿ ಇದ್ದದ್ದು ಒಂದು ಒದ್ದೆ ಬಟ್ಟೆ.