ಜೋಮು

ಶವ ಹೊರುವ ಜನಾಜಾ ಒಳಗೆ ತರಲು ದಾರಿಯಾಗಲೆಂದು ನವಾಜ್ ತೀರಿಹೋದ ಅಪ್ಪನ ಗಾಲಿಕುರ್ಚಿಯನ್ನು ಹೊಸಿಲು ದಾಟಿಸಿ ಹೊರಗೆಳೆದ. ಲತೀಫನ ದೇಹದ ಪಕ್ಕದಲ್ಲಿ ಅವನ ಹೆಂಡತಿ ನೂರ್‌ಜಹಾನ್ ಕಾಲು ಮಡಚಿ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಚಹಾ ಕೊಟ್ಟರೆ ಕುಡಿದಳು. ಬಂದವರು ತಬ್ಬಿಕೊಂಡರೆ ತಬ್ಬಿಸಿಕೊಂಡಳು. ಹೇಗಾದರೂ ಅವಳು ಅಳುವಂತೆ ಮಾಡಬೇಕು ಎಂದು ಓಲ್ಡ್ ಟೌನಿನ ನೆರೆಹೊರೆಯ ಹೆಂಗಸರು ಮಗಳು ನಿಖತ್‌ಗೆ ಪಿಸುಗುಟ್ಟಿದರು.

ಮನೋಹರ ಬಾಗಿಲಲ್ಲೇ ನಿಂತಿದ್ದ. ಲತೀಫ್ ಶಿವಮೊಗ್ಗದ ಬಸ್ಸು ಓಡಿಸುತ್ತಿದ್ದಷ್ಟು ಕಾಲವೂ ಅವನೇ ಕಂಡಕ್ಟರು.

"ಡ್ರೈವರ್ ಕೆಲಸ ಬಿಟ್ಟನಲ್ಲ, ಅವತ್ತು ಬಸ್ಸು ಸೈಡಿಗೆ ಹಾಕಿ ಕೀ ನನ್ನ ಕೈಗೆ ಕೊಟ್ಬಿಟ್ಟ ಭಾಬಿ," ಎಂದ. "ಬ್ರೇಕ್ ಮೇಲೆ ಕಾಲಿದೆಯೋ ಇಲ್ವೋ ಗೊತ್ತಾಗ್ತಿಲ್ಲ ಮಾರಾಯ, ಒಳಗೆ ಜನ ಇದಾರೆ ಅಂದ. ನಾನು ನಗಾಡ್ದೆ."

ನೂರ್‌ಜಹಾನ್ ತಲೆಯಾಡಿಸಿದಳು.

*

ಆಗ ಲತೀಫನ ಕಾಲು ನೋಡಿ ಸೊಂಟದ ಡಿಸ್ಕು ಎಂದರು ಒಬ್ಬ ಡಾಕ್ಟರು. ಶುಗರ್ ಎಂದರು ಇನ್ನೊಬ್ಬರು. ಮಾತ್ರೆ, ಬೆಲ್ಟು, ಎಣ್ಣೆ ಎಲ್ಲ ಆಯಿತು. ಒಂದು ದಿನ ಮಸೀದಿಯಿಂದ ಬಂದವನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಮರುದಿನವೇ ನೂರ್‌ಜಹಾನ್ ಅವನನ್ನು ಶಿವಮೊಗ್ಗದ ನರರೋಗದ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ಭೂಮಿಕಾ, ಚಿಕ್ಕ ವಯಸ್ಸಿನವರು. ಅವನಿಗೆ ಕಣ್ಣು ಮುಚ್ಚಲು ಹೇಳಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸುತ್ತ, ಈಗ ಎತ್ತ ಇದೆ ಎಂದು ಕೇಳಿದರು. ಮೇಲೆ, ಕೆಳಗೆ, ಮತ್ತೆ ಮೇಲೆ ಎಂದು ಅವನು ಪಟಪಟನೆ ಹೇಳಿದ. ಪಾಸಾದೆನೇ ಎಂದು ನಕ್ಕ. ಅವನು ಹೇಳಿದ್ದೆಲ್ಲ ತಪ್ಪೆಂದು ಪಕ್ಕದಲ್ಲಿ ನಿಂತ ನೂರ್‌ಜಹಾನ್‌ಗೆ ಕಾಣುತ್ತಿತ್ತು. ಆಮೇಲೆ ಡಾಕ್ಟರು ಪಾದದಿಂದ ಪಿನ್ನು ತಾಗಿಸುತ್ತ ಮೇಲೆ ಬಂದರು. ಎದೆಯ ಹತ್ತಿರ ಬಂದಾಗಷ್ಟೇ ಅವನು ಬೆಚ್ಚಿದ. ಇಷ್ಟು ದಿನ ಎಲ್ಲರೂ ಸೊಂಟದ ಫೋಟೊ ತೆಗೆಸಿದ್ದರು. ಇವರು ಮೇಲಿನ ಬೆನ್ನಿನ ಸ್ಕ್ಯಾನ್ ಬರೆದರು.

ಗಡ್ಡೆ ಬೆನ್ನುಹುರಿಯ ಒಳಗೇ ಬೆಳೆದಿತ್ತು. ಬಹಳ ಅಪರೂಪದ್ದು. ತೆಗೆದರೆ ಕಾಲಿನ ಶಕ್ತಿ ಹೋಗಬಹುದು, ಬಿಟ್ಟರೆ ಕೈಗೂ ಏರುತ್ತದೆ ಎಂದರು.

"ಕೈ ಉಳಿಯುತ್ತಾ ಮೇಡಂ?" ಲತೀಫ್ ಅಷ್ಟೇ ಕೇಳಿದ.

"ಉಳಿಸೋಕೆ ನೋಡ್ತೀವಿ."

ಆಪರೇಷನ್ನಿನಲ್ಲಿ ಕಾಲು ಹೋಯಿತು. ಕೈ ಉಳಿಯಿತು. ಆಮೇಲಿನ ವರ್ಷಗಳಲ್ಲಿ ಅವನು ಜಗಲಿಯಲ್ಲಿ ಕೂತು ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊಲಿದ. ಈ ವರ್ಷ ಗಡ್ಡೆ ಮತ್ತೆ ಬೆಳೆಯಿತು. ಮೊದಲು ಬೆರಳು ಸೋತವು, ಕೊನೆಗೆ ಉಸಿರು.

*

ಜನಾಜಾ ಎತ್ತಿದರು. ಮನೋಹರನೂ ಹೆಗಲು ಕೊಟ್ಟ. ಗಂಡಸರ ದನಿ ಬೀದಿಯ ತಿರುವಿನಲ್ಲಿ ಕರಗಿದ ಮೇಲೆ, ಒಳಗೆ ಬಂದು ಮಲಗು ಎಂದು ನಿಖತ್ ತಾಯಿಯ ತೋಳು ಹಿಡಿದಳು. ನೂರ್‌ಜಹಾನ್ ಏಳಲು ನೋಡಿ ಅಲ್ಲೇ ಕುಸಿದಳು.

"ಕಾಲು ಜೋಮು ಹಿಡಿದಿದೆ."

ನಿಖತ್ ಆ ಕಾಲುಗಳನ್ನು ಚಾಚಿಸಿ ಉಜ್ಜತೊಡಗಿದಳು. ಮೊದಲು ನೂರ್‌ಜಹಾನ್‌ಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಬೆರಳ ತುದಿಯಿಂದ ಇರುವೆ ಹರಿದಂತಾಗಿ, ಅದು ಉರಿಯಾಗಿ ಮೊಣಕಾಲಿಗೆ ಏರಿತು.

"ಬಿಡು, ಮುಟ್ಟಬೇಡ," ಎಂದು ನೂರ್‌ಜಹಾನ್ ಮಗಳ ಕೈ ಸರಿಸಿದಳು. ತನ್ನ ಎರಡೂ ಪಾದಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು, ದನಿ ತೆಗೆದು ಅತ್ತಳು.